ಒಂದು ಗೇಣು ಹಿಂದೆ ಸರಿದ ಮಣೆ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸತ್ಯ ಎಷ್ಟೇ ಕಹಿಯಾಗಿದ್ದರೂ ಬಾಯಿಬಿಟ್ಟು ಹೇಳುವುದೇ ವಿಜ್ಞಾನ ಎಂದು ಪ್ರತಿ ವರ್ಷ ಹೊಸ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುತ್ತೇನೆ. ಮನೆಗೆ ಬಂದರೆ, ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡುತ್ತೇನೆ. ಎರಡೂ ಒಂದೇ ಶಿಸ್ತು ಎಂದು ಹೆಂಡತಿಗೆ ಹೇಳಿ ನೋಡಿದೆ. ಅವಳು ನಂಬಲಿಲ್ಲ.

ಕಳೆದ ಚೌತಿಗೆ ಅವಳು ಮಾಟೋಳಿ ಕಟ್ಟುತ್ತೇನೆಂದಳು. ಇಲ್ಲಿ ಗಣಪತಿಯ ನೆತ್ತಿಯ ಮೇಲೆ, ಮುಂದೆ ಕೂತವರ ತಲೆಯ ಮೇಲಕ್ಕೂ ಚಾಚುವಂತೆ, ಮರದ ಚೌಕಟ್ಟು ತೂಗಿಬಿಟ್ಟು, ಅದರ ತುಂಬ ಹಣ್ಣು, ಕಾಯಿ, ಕಾಡಿನ ಗೊಂಚಲು ಕಟ್ಟುತ್ತಾರೆ. ಧಾರವಾಡ ಕಡೆಯ ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಈ ಕೊಂಕಣಿ ಸೀಮೆಯ ಕುಂಕಳ್ಳಿಗೆ ಬಂದಾಗಿನಿಂದ ಅವಳು ಪ್ರತಿ ಚೌತಿಗೂ ನೆರೆಮನೆಗಳ ಮಾಟೋಳಿ ನೋಡಿ, ಹೊಗಳಿ ಬರುತ್ತಿದ್ದಳು. ಈ ಸಲ ಆ ಹೆಂಗಸರು ಅವಳದನ್ನು ನೋಡಲು ಬರಬೇಕು. ಅದಕ್ಕೆಂದೇ ಬಸ್ಸು ಹತ್ತಿ ಕಾಡಂಚಿನ ಮೊಲೆಂವರೆಗೆ ಹೋಗಿ ಕಾಡುಹಣ್ಣು ತಂದಿದ್ದಳು.

ಎಳನೀರು, ಚಕ್ಕೋತ, ಬಾಳೆಗೊನೆ ಎಲ್ಲದರಲ್ಲೂ ನನಗೆ ಕಂಡದ್ದು ಭಾರವೊಂದೇ. ದೇವರನ್ನು ನಂಬದಿದ್ದರೂ ಅದರ ಕೆಳಗೆ ಪೂಜೆಗೆ ಕೂರುವವನು ನಾನು, ಪಕ್ಕದಲ್ಲಿ ಗಂಟೆ ಬಾರಿಸುವವಳು ಅವ್ವ. ಲೆಕ್ಕ ಹಾಕಿದೆ. ಚಾವಣಿಯ ಹುಕ್ಕುಗಳು ಇದರ ಹಲವು ಪಟ್ಟು ಭಾರ ಹೊರುತ್ತವೆ. ಲೆಕ್ಕ ಸಾಲದೆಂದು ಪ್ರಯೋಗವನ್ನೂ ಮಾಡಿದೆ: ಹಿಂದಿನ ದಿನವೆಲ್ಲ ಅದೇ ಹುಕ್ಕುಗಳಿಗೆ ಅಕ್ಕಿ ಚೀಲ ನೇತುಹಾಕಿದೆ. ಗಣಪತಿ ಬರುವ ಮನೆ ಕಿರಾಣಿ ಗೋದಾಮಿನಂತಾಯಿತು. ಒಂದು ಕಾಳೂ ಉದುರಲಿಲ್ಲ. ಏನೂ ಭಯವಿಲ್ಲವೆಂದು ಘೋಷಿಸಿದೆ.

ಚೌತಿಯ ಬೆಳಿಗ್ಗೆ ಮಡಿಯುಟ್ಟು ಬಂದು ಮಣೆಯ ಮೇಲೆ ಕೂತು, ಮೇಲೆ ನೋಡಿದೆ. ನನ್ನ ನೆತ್ತಿಗೇ ಗುರಿಯಿಟ್ಟಂತೆ ಒಂದು ಎಳನೀರು ಮೆಲ್ಲಗೆ ತೂಗುತ್ತಿತ್ತು. ಕಲ್ಪನೆಯಿಲ್ಲದೆ ವಿಜ್ಞಾನವಿಲ್ಲ ಎಂದು ತರಗತಿಯಲ್ಲಿ ಹೇಳುವವನೂ ನಾನೇ. ನನ್ನ ಕಲ್ಪನೆ ಇಷ್ಟು ವರ್ಷಗಳಲ್ಲಿ ಒಂದು ಹೊಸ ಸಿದ್ಧಾಂತವನ್ನೂ ಹೆತ್ತಿಲ್ಲ. ಆ ಎಳನೀರನ್ನು ನನ್ನ ತಲೆಯ ಮೇಲೆ ಕೆಡವಲು ಮಾತ್ರ ಅದಕ್ಕೆ ಕ್ಷಣವೂ ಬೇಕಾಗಲಿಲ್ಲ. ಯಾರೂ ನೋಡುತ್ತಿಲ್ಲವೆಂದುಕೊಂಡು ಮಣೆಯನ್ನು ಒಂದು ಗೇಣು ಹಿಂದೆ ಸರಿಸಿದೆ.

ಅವ್ವ ನೋಡಿದಳು.

"ಮಣಿ ಯಾಕ ಹಿಂದ ಸರಿಸಿದ್ಯೋ?"

"ಗಾಳಿ ಬರ್ಲಿ ಅಂತ, ಅವ್ವಾ."

"ಫ್ಯಾನ್ ಬಂದ್ ಐತಲ್ಲೋ. ಖರೇ ಹೇಳು, ಅದು ಬೀಳ್ತೈತೇನು?"

"ಇಲ್ಲಬೇ. ಲೆಕ್ಕಾ ಹಾಕೇನಿ."

"ಲೆಕ್ಕಾ ಹಾಕಿದಾವನ ಹಿಂದ ಸರದ್ರ, ನಾ ಯಾಕ ಅದರ ಬುಡಕ ಕುಂಡ್ರಲಿ?" ಎಂದವಳೇ ಅಡುಗೆಮನೆಯತ್ತ ಕೂಗಿದಳು. "ಏನವಾ, ಇದನ್ನ ಇಳಿಸಿಬಿಡು. ನಮ್ಮ ಮನ್ಯಾಗ ಇಲ್ಲದ ಪದ್ಧತಿ ಯಾಕ ಬೇಕು?"

ಹೆಂಡತಿ ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಬಂದಳು. ಮಾಟೋಳಿಯನ್ನು ನೋಡಲಿಲ್ಲ, ಮಣೆಯನ್ನು ನೋಡಿದಳು.

"ಅಕ್ಕಿ ಚೀಲ ತೂಗಿಬಿಟ್ಟಾಗ ಭಾಳ ಶ್ಯಾಣ್ಯಾರಾಗಿದ್ರಲ್ರಿ, ಈಗೇನಾತು? ಸಂಜೀಕ ಬಾಜೂ ಮನಿಯಾವ್ರೆಲ್ಲ ಬರಾಕತ್ತಾರ. ಖಾಲಿ ಹುಕ್ಕ ತೋರಿಸ್ಲೇನು?"

ಹಿಟ್ಟಿನ ಕೈಯನ್ನು ಸೆರಗಿಗೇ ಒರೆಸಿಕೊಂಡಳು.

ವಾದಿಸಿ ಪ್ರಯೋಜನವಿರಲಿಲ್ಲ. ನನ್ನ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ. ನಾನು ಕೂತ ಜಾಗವನ್ನು ಎಲ್ಲರೂ ಓದಿದ್ದರು. ಜನಕ್ಕೆ ವಿಜ್ಞಾನದಲ್ಲಿ ನಂಬಿಕೆ ಏಕಿಲ್ಲ ಎಂದು ನಾವು ಸಮ್ಮೇಳನಗಳಲ್ಲಿ ಚಹಾ ಕುಡಿಯುತ್ತ ಕೊರಗುತ್ತೇವಲ್ಲ, ಅದಕ್ಕೆ ಉತ್ತರ ಇಲ್ಲಿ ಒಂದು ಗೇಣು ಉದ್ದಕ್ಕೆ ಬಿದ್ದಿತ್ತು.

ಮಣೆಯನ್ನು ಮುಂದೆಳೆದು ಎಳನೀರಿನ ನೇರ ಕೆಳಗೆ ಕೂತೆ. ಪೂಜೆಯ ತುಂಬ ಕೈ ಬಿಡುವಾದಾಗಲೆಲ್ಲ ಮುಗಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದೆ. ಬೆವರು ಇಳಿಯುತ್ತಿತ್ತು. ತುಟಿ ತಾನಾಗಿಯೇ ಅಲುಗುತ್ತಿತ್ತು: ಹುಕ್ಕು ಹೊರುವ ಭಾರ ಇಷ್ಟು, ಹಣ್ಣಿನ ಭಾರ ಇಷ್ಟು, ಮತ್ತೆ ಮೊದಲಿನಿಂದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಗಂಟೆಯ ಸದ್ದು ಕೇಳಿಸಿತು. ಅವ್ವ ತನ್ನ ಜಾಗಕ್ಕೆ ಬಂದು ಕೂತಿದ್ದಳು.

ಸಂಜೆ ನೆರೆಯ ಹೆಂಗಸರು ಬಂದರು. ಮೊಲೆಂನ ಹಣ್ಣುಗಳನ್ನು ತೋರಿಸಿ ತೋರಿಸಿ ಹೆಸರು ಕೇಳಿದರು. ಹೆಂಡತಿ ಬೇಕೆಂದೇ ಮಾಟೋಳಿಯ ಕೆಳಗೆ ಚಾಪೆ ಹಾಸಿದ್ದಳು. ಅವ್ವ ಅವರ ನಡುವೆ ಕೂತು, ಅವರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲದೆ ಕನ್ನಡದಲ್ಲೇ ಸಾರಿದಳು:

"ನಮ್ಮ ಮಗ ದೇವರ ಇಲ್ಲ ಅಂತಿದ್ದರಿ. ಇವತ್ತ ನೋಡಬೇಕಿತ್ತು, ಬಾಯಾಗ ಮಂತ್ರ ನಿಂದ್ರಲಿಲ್ಲ!"

ಹೆಂಡತಿ ಅದನ್ನು ಕೊಂಕಣಿಗೆ ತಿರುಗಿಸಿ ಹೇಳಿ, ನನ್ನ ಮುಖ ನೋಡಿದಳು. ಹೆಂಗಸರು ಮೆಚ್ಚಿ ತಲೆಯಾಡಿಸಿದರು. ಸತ್ಯವನ್ನು ಬಾಯಿಬಿಟ್ಟು ಹೇಳಬೇಕಾದವನು ನಾನು. ಬಾಯಿಗೆ ಇನ್ನೊಂದು ಕಡುಬು ತುಂಬಿಕೊಂಡೆ.