ತಿಥಿ ಕಳೆಯುವವರೆಗೆ ಮುಚ್ಚಿಟ್ಟ ಲ್ಯಾಪ್‌ಟಾಪು

ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದೆ. ಸೊಸೆ ಫೋನು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು.

"ಅತ್ತೆ, ನನ್ನ ತಗ್ದಾಕ್ಬುಟ್ರು."

ಮಗುವಾದ ಮೇಲೆ ಅವಳಿಗೆ ಸಿಂಧಘಟ್ಟ ಬಿಟ್ಟು ಕೆಲಸಕ್ಕೆ ಹೋಗಲು ಆಗಿರಲಿಲ್ಲ. ಓದಿದ ಹುಡುಗಿ, ಒಳಗೊಳಗೇ ಬಾಡುತ್ತಿದ್ದಳು. ಆಗ ಸಿಕ್ಕಿದ್ದು ಮನೆಯಲ್ಲೇ ಕೂತು ಮಾಡುವ ಈ ಕೆಲಸ. ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಸಾಫ್ಟ್‌ವೇರಿನ ಕೆಲಸವನ್ನು ಹೊಸಬರಿಗೆ ಕಲಿಸುತ್ತಾರೆ, ಕಲಿಯುವಾಗಲೇ ಸಂಬಳವನ್ನೂ ಕೊಡುತ್ತಾರೆ. ಕಲಿಸುವವರು ಯಾವುದೋ ದೂರದ ದೇಶದ ಹೆಂಗಸು. ಮಗು ಮಲಗಿದಾಗಲೋ ಅಡುಗೆ ಮುಗಿದಾಗಲೋ, ನಿನಗೆ ಅನುಕೂಲವಾದಾಗ ಮಾಡು ಎಂದಿದ್ದರಂತೆ. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕ ಓದಿ ಹೇಳುವ ಸಾಫ್ಟ್‌ವೇರು ಅವಳ ಪಾಲಿಗೆ ಬಂದಿತ್ತು. ನಾನು ಗಂಜಾಮಿಗೆ ಹೋಗಿ ನಿಮಿಷಾಂಬೆಗೆ ಮಡಿಲು ತುಂಬಿ ಬಂದಿದ್ದೆ.

ಅಷ್ಟರಲ್ಲಿ ನಮ್ಮತ್ತೆ ತೀರಿಕೊಂಡರು. ಹಾಸಿಗೆ ಹಿಡಿದು ನರಳಲಿಲ್ಲ, ಅದೊಂದು ಪುಣ್ಯ. ಸೂತಕದ ಮನೆಯವರು ತಿಥಿ ಕಳೆಯುವವರೆಗೆ ಇನ್ನೊಬ್ಬರ ಹೊಸಲು ತುಳಿಯುವುದಿಲ್ಲ. ಸೊಸೆ ಲ್ಯಾಪ್‌ಟಾಪು ಮುಚ್ಚಿ ಬೀರುವಿನ ಮೇಲಿಟ್ಟಳು. ಎಲ್ಲಿದ್ದೀಯ ಎಂದು ಕಲಿಸುವವರು ಫೋನಿಗೆ ಕಳಿಸಿದ ಪ್ರಶ್ನೆಗಳನ್ನೂ ತೆರೆಯಲಿಲ್ಲ.

"ಏನವ್ವ, ನಿನ್ ಪೆಟ್ಗೆಗೂ ಸೂತ್ಕನಾ?" ಎಂದು ಪಕ್ಕದ ಮನೆಯಾಕೆ ರೇಗಿಸಿದಳು.

"ಅಂಗಲ್ಲ ಕಣಕ್ಕ. ಅವ್ರ ಮನೇಲಿ ಏನ್ ಸುಭಕಾರ್ಯ ಐತೋ ಏನೋ. ಸಾವಿನ ಸುದ್ದಿ ಒತ್ಕೊಂಡು ಎಂಗೋಗನ?" ಎಂದಳು ಸೊಸೆ.

ಒಪ್ಪುವ ಮಾತೇ ಅನ್ನಿಸಿತು ಎಲ್ಲರಿಗೂ. ತಿಥಿ ಮುಗಿದು, ಮನೆ ತೊಳೆದ ಮೇಲೆ ಅವಳು ಲ್ಯಾಪ್‌ಟಾಪು ಇಳಿಸಿ ನಡೆದದ್ದನ್ನು ಬರೆದು ಕಳಿಸಿದ್ದಳು. ಅದಕ್ಕೆ ಉತ್ತರ ಇವತ್ತು ಬಂದಿತ್ತು.

"ಏನಂತ ಬರ್ದವ್ರವ್ವ?"

"ಅಜ್ಜಿ ಓಗಿದ್ದು ಕೇಳಿ ಬೇಜಾರಾಯ್ತಂತೆ. ಒಂದ್ ಮಾತು ಯೋಳಿದ್ರೆ ಕಾಯ್ತಿದ್ರಂತೆ. ಸಾವಿಗೆ ಅಂತ್ಲೇ ಬುಡುವು ಐತಂತೆ ಅತ್ತೆ! ನಾನು ಬುಟ್ಟೋದೆ ಅನ್ಕೊಂಡು ಮುಗಿಸ್ಬುಟ್ರು."

"ಇನ್ನೊಂದ್ ಸಲ ಕೇಳು ಮಗ."

"ಒಂದ್ಸಲ ಸೇರಿದೋರ್ನ ಮತ್ತೆ ಸೇರಿಸ್ಕೊಳಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ತಲೆ ಸವರಬಹುದಿತ್ತು. ಒತ್ತಕ್ಷರಗಳನ್ನು ಆ ಸಾಫ್ಟ್‌ವೇರು ತಪ್ಪುತಪ್ಪಾಗಿ ಓದುತ್ತಿದ್ದುದನ್ನು ಅವಳು ಸರಿ ಮಾಡಿದ್ದಳು. ಅವಳು ತಿದ್ದಿದ್ದು ಹಾಗೇ ಉಳಿಯುತ್ತದೆಯಂತೆ. ಎಲ್ಲೋ ಕಣ್ಣಿಲ್ಲದ ಜೀವವೊಂದು ಕೇಳುತ್ತದೆ. ಅಷ್ಟನ್ನಾದರೂ ನಿಮಿಷಾಂಬೆ ತಾಯಿ ಉಳಿಸಿಕೊಟ್ಟಳಲ್ಲ ಎಂದುಕೊಂಡೆ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿದ್ದುದು ಅದಲ್ಲ.

ಒಳಗೆ ಮಗು ಎದ್ದು ಅತ್ತಿತು. ಅವಳು ಮೊದಲು ಲ್ಯಾಪ್‌ಟಾಪನ್ನು ಮತ್ತೆ ಬೀರುವಿನ ಮೇಲಿಟ್ಟು, ಆಮೇಲೆ ಮಗುವನ್ನು ಎತ್ತಿಕೊಂಡಳು.

ಹಸು ಕೂಗಿತು. ಡೈರಿಗೆ ಹಾಲು ಹಾಕುವ ಹೊತ್ತಾಗುತ್ತಾ ಬಂದಿತ್ತು. ಮೊರವನ್ನು ಗೋಡೆಗೆ ಒರಗಿಸಿ, ಕ್ಯಾನು ತೊಳೆದುಕೊಂಡು ಕೊಟ್ಟಿಗೆಗೆ ಹೋಗಿ ಕರು ಬಿಟ್ಟೆ.