ಮರಿ ಹೊತ್ತ ಏಡಿಯ ಎಣಿಕೆ

ನಮ್ಮೂರ ಹತ್ತಿರ ಕೃಷ್ಣಾ ಹೊಳೆಯ ಬ್ಯಾರೇಜಿನಲ್ಲಿ ಕರೆಂಟು ತೆಗೆಯುವ ಚಕ್ರ ಕೂಡಿಸಿದ್ದರು. ಅದರಿಂದ ಏಡಿಗಳಿಗೆ ಏನಾಗುತ್ತದೆ ಎಂದು ನೋಡಲು ಓದಿದ ಹುಡುಗಿಯೊಬ್ಬಳು ಬಂದಳು. ನಾನು ಏಡಿ ಹಿಡಿದೇ ಮುದುಕಿಯಾದವಳು. ಏಡಿ ಹಿಡಿಯಲು ನೀರಲ್ಲಿಡುವ ಎಂಟು ಬುಟ್ಟಿ ಅವಳು ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆ ನಾನು ಬುಟ್ಟಿ ಎತ್ತಿ, ಸಿಕ್ಕ ಏಡಿಗಳನ್ನು ಬಕೆಟಿಗೆ ಹಾಕಿಡಬೇಕು. ಅವಳು ಬಂದು ಅಳೆದು, ಬರೆದುಕೊಂಡು ನೀರಿಗೆ ಬಿಡುತ್ತಿದ್ದಳು.

ಏಡಿ ಮರಿ ಹೊರುವ ದಿನಗಳಲ್ಲಾದರೂ ಆ ಚಕ್ರ ನಿಲ್ಲಿಸಬೇಕು ಎಂಬುದು ನಮ್ಮ ಕೇಳಿಕೆ. ಏಡಿ ಹೋದರೆ ನಮ್ಮ ಕಸುಬೂ ಹೋದಂತೆ. ಎಲ್ಲ ಅವಳು ಬರೆಯುವುದರ ಮೇಲೆ ನಿಂತಿತ್ತು.

ಎಣಿಕೆ ಮುಗಿಯಲು ಇನ್ನೊಂದು ದಿನ ಉಳಿದಾಗ ಅವಳು ವಹಿ ಮುಚ್ಚಿ ನನ್ನ ಮುಖ ನೋಡಿದಳು.

"ಆಯಿ, ಮರಿ ಹೊತ್ತ ಏಡಿ ಒಂದೂ ಸಿಗಲಿಲ್ರಿ. ಇಲ್ಲಿ ಮರಿನ ಆಗೂದಿಲ್ಲ ಅಂತ ಬರೀಬೇಕಾಗತೈತಿ. ಹಂಗ ಬರದ್ರ ಚಕ್ರ ನಿಲ್ಲಸೂದಿಲ್ರಿ."

"ಒಂದೂ ಅಂದ್ರ? ನಿನ್ನೆರ ಎರಡ ಬಂದಿದ್ವಲ್ಲ ತಂಗಿ!"

"ಎಲ್ಲಿ ಅದಾವ್ರಿ?"

"ಹೊಳಿಗಿ ಬಿಟ್ಟೆ. ಬಾಣಂತಿನ ಬಕೆಟಿನ್ಯಾಗ ಕೂಡ್ರಸಬೇಕಿತ್ತೇನು?"

ತಾಯಿ ಏಡಿ ಸಿಕ್ಕರೆ ನಿಂತಲ್ಲೇ ನೀರಿಗೆ ಬಿಡುವುದು ನಮ್ಮ ಮನೆಯ ರೂಢಿ. ಅತ್ತೆ ಹಾಗೇ ಮಾಡುತ್ತಿದ್ದಳು, ನಾನೂ ಅಷ್ಟೇ. ಈ ಬುಟ್ಟಿ ಬೇರೆ ಕೆಲಸದ್ದು ಎಂದು ನನ್ನ ಕೈಗೆ ತಿಳಿಯಲೇ ಇಲ್ಲ.

ಜೊತೆಗಿದ್ದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಬಿಡಲಿಲ್ಲ. "ಪುಣ್ಯಾ ಗಳಸಾಕ ಹೋಗಿ ನಮ್ಮ ಹೊಟ್ಟಿ ಮ್ಯಾಲ ಕಲ್ಲ ಹಾಕಿದೆಲ್ಲಬೇ ಅಕ್ಕಾ!"

"ನಾ ಸುಳ್ಳ ಹೇಳಾಕತ್ತಿಲ್ಲ, ಬರಕೋ" ಎಂದೆ ಹುಡುಗಿಗೆ.

"ಖರೆ ಇರಬಹುದ್ರಿ. ಆದ್ರ ಕಣ್ಣಿಲೆ ನೋಡಲಾರದ್ದ ಬರಿಯಾಕ ಬರೂದಿಲ್ಲ."

ಮರುದಿನ ಅವಳೂ ಜೊತೆಗೆ ನಿಂತಳು. ಒಂದೊಂದೇ ಬುಟ್ಟಿ ಎತ್ತಿದೆ. ಬರೀ ಗಂಡು ಏಡಿ, ಸಣ್ಣ ಏಡಿ. ಏಳು ಬುಟ್ಟಿ ಮುಗಿದವು. ಎಂಟನೆಯದು ಚಕ್ರದ ನೀರು ಬೀಳುವ ಕಡೆ ಇತ್ತು. ಎಳೆದೆ. ದೊಡ್ಡದೊಂದು ಏಡಿ ಮೂಲೆಗೆ ಒತ್ತಿಕೊಂಡು ಕೂತಿತ್ತು. ಮಗುಚಿ ಹೊಟ್ಟೆಯ ಮಡಿಕೆ ಬಿಡಿಸಿದೆ. ಒಳಗೆ ಸಾಸಿವೆಯಂತೆ ಮರಿಗಳು ಮಿಸುಕುತ್ತಿದ್ದವು.

"ನೋಡಿದ್ಯಾ?"

"ನೋಡಿದ್ನಿರಿ. ಮರಿ ಇಲ್ಲ ಅಂತ ಇನ್ನ ಬರಿಯಾಕ ಬರೂದಿಲ್ಲ. ಬರೂ ಮಳಿಗಾಲದಾಗ ಮತ್ತ ಎಣಸಬೇಕಂತ ಬರೀತೇನಿ."

"ಚಕ್ರ?"

"ಅಲ್ಲೀತನಾ ತಿರಗತೈತ್ರಿ."

ಅವಳು ಅಳೆದು ಮುಗಿಸುವವರೆಗೆ ಬಕೆಟಿಗೆ ಸೆರಗಿನ ನೆರಳು ಹಿಡಿದೆ. ಆಮೇಲೆ ಏಡಿಯನ್ನು ಹಿಡಿದು, ಚಕ್ರದಿಂದ ದೂರ ಬಿಡಲು, ಮೇಲಿನ ಮಡುವಿನ ಕಡೆ ಹೊರಟೆ.

"ಆಯಿ, ಹಿಡದಲ್ಲೇ ಬಿಡಬೇಕ್ರಿ. ಇಲ್ಲಂದ್ರ ಎಣಿಕಿ ಕೆಡತೈತಿ."

ಒಮ್ಮೆ ಕೆಡಿಸಿದ್ದೆ. ತಿರುಗಿ ಬಂದು ಚಕ್ರದ ಬುಡದಲ್ಲೇ ಬಿಟ್ಟೆ.