ಹೊಕ್ಕುಳಿನ ಕೀವು

ಪಿತ್ತಕೋಶದ ಕಲ್ಲಿಗೆಂದು ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕೊಳವೆ ತೂರಿಸಿ ಮಾಡುವ ಆಪರೇಷನ್ ನನಗೆ ಆಗಿತ್ತು. ಚೆನ್ನೈನ ಅಣ್ಣಾ ನಗರ್‌ನಲ್ಲಿ, ನಮ್ಮ ಮನೆಗೆ ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ. ಉಳಿದ ಗಾಯಗಳೆಲ್ಲ ಮಾಯ್ದವು. ಹೊಕ್ಕುಳಿನದು ಮಾತ್ರ ತಿಂಗಳಾದ ಮೇಲೆ ಗಂಟುಕಟ್ಟಿ ಒಡೆಯಿತು. ನೀರಿನಂಥ ಕೀವು ಬೆವರಿನೊಡನೆ ಬೆರೆತು, ನಾನು ಕೆಲಸ ಮಾಡುವ ವಿಮಾ ಕಚೇರಿಯ ಕುರ್ಚಿಯಲ್ಲಿ ಕೂತಲ್ಲೇ ಸೀರೆಯ ನೆರಿಗೆ ಒದ್ದೆಯಾಗುತ್ತಿತ್ತು.

ನಮ್ಮ ಅತ್ತೆ ಚೆನ್ನೈಗೆ ಬಂದು ಎಷ್ಟೋ ವರ್ಷವಾದರೂ ಧಾರವಾಡದ ಮಾತು ಬಿಟ್ಟವರಲ್ಲ. ಒಂದು ಮಧ್ಯಾಹ್ನ ನನ್ನ ಮಂಚದ ಕೆಳಗೆ ಬಗ್ಗಿ ಪೊರಕೆ ಆಡಿಸತೊಡಗಿದರು.

"ಇಲಿ ಸತ್ತೈತೇನೋ ನೋಡವ್ವಾ, ವಾಸ್ನಿ ಬರಾಕತ್ತೈತಿ."

"ಇಲಿ ಅಲ್ರೀ ಅತ್ತಿ, ನಾನ," ಎಂದೆ.

ಅವರು ಪೊರಕೆ ಮೂಲೆಗಿಟ್ಟು ಕಿಟಕಿ ತೆರೆದರು. ಶಾಲೆಯಿಂದ ಬಂದ ಮಗಳು ಮೂಗು ಮುಚ್ಚಿಕೊಂಡು, "ನಾತ್ತಂ ಅಡಿಕ್ಕುದುಮ್ಮಾ," ನಾತ ಹೊಡೀತಿದೆ ಅಮ್ಮಾ ಎಂದು ತಮಿಳಿನಲ್ಲಿ ಹೇಳಿದಳು. ನನ್ನ ಮೈಯನ್ನು ನಾನೇ ಮುಟ್ಟಲು ಹೇಸುವಂತಾಗಿತ್ತು.

ಆಪರೇಷನ್ ಮಾಡಿದ ಡಾಕ್ಟರು ಪ್ರತಿಸಲವೂ "ಒಣ್ಣುಂ ಇಲ್ಲೆಮ್ಮಾ," ಏನೂ ಇಲ್ಲ ಅನ್ನುತ್ತಿದ್ದರು. ಕೊನೆಗೊಮ್ಮೆ ನರ್ಸ್ ಎದುರಿಗೇ, ದಪ್ಪ ಇರುವವರ ಹೊಕ್ಕುಳಲ್ಲಿ ಕೊಳೆ ಸೇರುತ್ತದೆ, ಸರಿಯಾಗಿ ಸ್ನಾನ ಮಾಡಿ ಎಂದರು.

ನನ್ನ ಗಂಡ ಬೇರೆ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಗಾಯದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಇದು ಕ್ಷಯವಲ್ಲ, ಆದರೆ ಅದೇ ಜಾತಿಯ ಕ್ರಿಮಿ, ನೀರಿನಲ್ಲಿರುತ್ತದೆ ಎಂದರು. ಸರಿಯಾಗಿ ಶುದ್ಧ ಮಾಡದ ಕೊಳವೆಯ ಜೊತೆ ಒಳಗೆ ಹೋಗಿರಬೇಕಂತೆ. ಕ್ಷಯದ ಮಾಮೂಲಿ ಮಾತ್ರೆಗಳು ಇದಕ್ಕೆ ನಾಟವು. ಕ್ಲಾರಿಥ್ರೋಮೈಸಿನ್ ಮಾತ್ರೆ, ಜೊತೆಗೆ ಅಮಿಕಾಸಿನ್ ಇಂಜೆಕ್ಷನ್ ಬೇಕು, ಅದೂ ತಿಂಗಳುಗಟ್ಟಲೆ.

ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ತುಕ್ಕು ಹಿಡಿದ ಮೊಳೆ ಚೀಪಿದಂಥ ಕಹಿ. ಹಲ್ಲುಜ್ಜಿದರೂ ಹೋಗದು. ನನ್ನ ಎಂಜಲು ನುಂಗಲು ನನಗೇ ವಾಕರಿಕೆ. "ಒಂದ್ ತುತ್ತ ತಿನ್ನವ್ವಾ" ಎಂದು ಅತ್ತೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರೆ ಅದನ್ನೂ ಸಿಂಕಿಗೆ ಕಾರಿದೆ. ಅವರೇ ಸಿಂಕು ತೊಳೆದರು. ಇಂಜೆಕ್ಷನ್ ಕಿವಿ ಕೆಡಿಸಬಹುದೆಂದು ಆಗಾಗ ಕಿವಿಯ ಪರೀಕ್ಷೆಯೂ ನಡೆಯುತ್ತಿತ್ತು.

ರಿಪೋರ್ಟ್ ಹಿಡಿದು ಹಳೆಯ ಡಾಕ್ಟರ ಬಳಿ ಹೋದೆವು. ಕಾಯುವಾಗ, ಅರ್ಧ ತೆರೆದ ಬಾಗಿಲಾಚೆ ಆಯಾ ಒಬ್ಬಳು ಆ ಕೊಳವೆಗಳನ್ನು ನಲ್ಲಿಯಡಿ ಹಿಡಿದು, ಪ್ಲಾಸ್ಟಿಕ್ ಟಬ್ಬಿನಲ್ಲಿ ಅದ್ದುವುದು ಕಂಡಿತು. ಟಬ್ಬಿನ ಅಂಚಿಗೆ ಲೋಳೆ ಕಟ್ಟಿತ್ತು. ಇದು ನನ್ನೊಳಗೆ ಹೋಗಿತ್ತು!

ಡಾಕ್ಟರು ರಿಪೋರ್ಟನ್ನು ತುದಿಬೆರಳಲ್ಲಿ ಹಿಡಿದು ನೋಡಿ, ಮರಳಿಸಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರು. "ಇಂಥದ್ದೆಲ್ಲ ಆಗುತ್ತೆ. ಮಾತ್ರೆ ತಗೊಳ್ಳಿ," ಎಂದು ತಮಿಳಿನಲ್ಲಿ ಹೇಳಿ ಮುಂದಿನವರನ್ನು ಕರೆದರು.

ಹೊರಗೆ ಬಂದವಳೇ, ಕಾಯುತ್ತಿದ್ದವರ ಎದುರು ಸೀರೆ ಸರಿಸಿ, ಬ್ಯಾಂಡೇಜ್ ಬಿಚ್ಚಿ ತೋರಿಸಿದೆ. "ಇವರು ಕೊಳವೆ ಹೇಗೆ ತೊಳೀತಾರೆ ಅಂತ ಕೇಳಿಕೊಂಡು ಒಳಗೆ ಹೋಗಿ," ಎಂದು ನನಗೆ ಬರುವ ತಮಿಳಿನಲ್ಲಿ ಕೂಗಿದೆ. ರಿಸೆಪ್ಷನ್ ಹುಡುಗಿ ಕಿರುಚಿದಳು. ಗಂಡ ಕೈ ಹಿಡಿದು ಎಳೆದರು. ಹೊಟ್ಟೆ ಹಿಡಿದು ಕೂತಿದ್ದ ಒಬ್ಬಾಕೆ ಫೈಲು ಎತ್ತಿಕೊಂಡು ನಮ್ಮ ಹಿಂದೆಯೇ ಮೆಟ್ಟಿಲಿಳಿದಳು.

ಗಾಯ ಕೊನೆಗೂ ಮುಚ್ಚಿತು. ಕಿವಿ ಉಳಿಯಿತು. ವೈದ್ಯಕೀಯ ಮಂಡಳಿಗೆ ದೂರು ಕೊಟ್ಟೆವು, ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಆ ಡಾಕ್ಟರು ಈಗಲೂ ಆಪರೇಷನ್ ಮಾಡುತ್ತಿದ್ದಾರೆ. ನನ್ನ ಮೈಯ ಮೇಲಿನ ಹೇಸಿಗೆ ಹೋಗಿದೆ. ಅವರ ಮೇಲಿನದು ಹೋಗಿಲ್ಲ, ಹೋಗಲಿ ಎಂಬ ಆಸೆಯೂ ಇಲ್ಲ.